ಗಾಲಿಯ ಮೇಲಿನ ಅಡುಗೆಮನೆ

ಮೊನ್ನೆ ಬೆಳಿಗ್ಗೆ ಮೊಮ್ಮಗ ತನ್ನ ಫೋನನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಒಂದು ಗಾಡಿಯ ಚಿತ್ರ ತೋರಿಸಿದ. ಬಾಡಿಗೆಗೆ ಸಿಗುತ್ತದಂತೆ. ಒಳಗೆ ನಾಲ್ಕು ಹಾಸಿಗೆ, ಮಡಚುವ ಮೇಜು, ಕೈ ತೊಳೆಯುವ ತೊಟ್ಟಿ. ರಜೆಯಲ್ಲಿ ಮನೆಮಂದಿಯೆಲ್ಲ ಅದರೊಳಗೆ ಕುಳಿತು ಎಂಟು ದಿನ ಊರೂರು ಸುತ್ತುವುದಂತೆ. "ಅಜ್ಜಿ, ಹೊರಗಿನ ಊಟದ ಕಿರಿಕಿರಿನೇ ಇಲ್ಲ. ಒಲಿನೂ ಒಳಗೇ ಅದ!" ಎಂದ. ಅವನ ಹೆಂಡತಿ ಅಡುಗೆಮನೆಯಲ್ಲಿ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಮುಧೋಳದಲ್ಲಿರುವ ತನ್ನ ತಾಯಿಗೆ ಹೇಳುತ್ತಿದ್ದಳು: "ಒಲಿ ಮ್ಯಾಲ ಇಟ್ಟೀನವ್ವಾ, ಆಮ್ಯಾಲೆ ಮಾಡ್ತೀನಿ."

ಚಿತ್ರ ನೋಡಿದ್ದೇ ತಡ, ನನ್ನ ಮೂಗಿಗೆ ಸೀಮೆಎಣ್ಣೆಯ ವಾಸನೆ ಬಡಿಯಿತು. ಎಪ್ಪತ್ತು ವರ್ಷದ ಹಿಂದಿನ ವಾಸನೆ. ಅದರ ಬೆನ್ನಿಗೇ ಸಿಟ್ಟು. ಈ ವಯಸ್ಸಿನಲ್ಲಿ ಸಿಟ್ಟು ಒಳ್ಳೆಯದಲ್ಲ ಎಂದು ಡಾಕ್ಟರು ಹೇಳುತ್ತಾರೆ. ಅವರಿಗೇನು, ಅವರು ನಮ್ಮ ಕಾಕಾನನ್ನು ಕಂಡವರಲ್ಲ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಜಮಖಂಡಿಯಲ್ಲಿ ಒಂದೇ ಮನೆಯಲ್ಲಿದ್ದೆವು. ಸಂಸ್ಥಾನದ ಕಚೇರಿಯಲ್ಲಿ ಹಿರಿಯ ಕಾರಕೂನನಾಗಿದ್ದವನು. ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂತು. ಕಾಕಾನ ಖುರ್ಚಿ ಬಾಗಿಲ ಹತ್ತಿರಕ್ಕೆ ಸರಿಯಿತು. ಕಚೇರಿಯಲ್ಲಿ ಹೋದ ದರ್ಪ, ರುಬಾಬನ್ನೆಲ್ಲ ಅವನು ಮನೆಯಲ್ಲಿ ವಸೂಲು ಮಾಡುತ್ತಿದ್ದ. ಕಚೇರಿಗಿಂತ ಮುಂಚೆ ಹತ್ತು ಗಂಟೆಗೆ ಸರಿಯಾಗಿ ಊಟ. ಅದೂ ಹೆಂಡತಿ ಮಡಿಯಲ್ಲಿ ಮಾಡಿ, ದೇವರಿಗೆ ತೋರಿಸಿ ಬಡಿಸಿದ್ದೇ ಆಗಬೇಕು. ಆ ಹೆಂಡತಿಯೇ ನಮ್ಮ ಕಾಕು. ಬೀಳಗಿಯವಳು. ಮಕ್ಕಳಿರಲಿಲ್ಲ.

ಬೀಳಗಿಗೆ ಅವಳು ಹೋಗಿ ಹನ್ನೊಂದು ವರ್ಷವಾಗಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ. ನನಗೆ ಮಾತ್ರ ಇವತ್ತಿಗೂ ನಗು ಬರುವುದಿಲ್ಲ. ಮದುವೆಯಾದ ಮೊದಲ ದೀಪಾವಳಿಗೆ ಅಳಿಯನನ್ನು ಕರೆದು, ಆರತಿ ಎತ್ತಿ, ಎಣ್ಣೆ ಹಚ್ಚುವುದು ಪದ್ಧತಿ. ಅವತ್ತು ಬೀಳಗಿಯಲ್ಲಿ ಹಿರಿಯ ಅಳಿಯನೂ ಬಂದಿದ್ದ. ಎಣ್ಣೆಯ ಬಟ್ಟಲು ಮೊದಲು ಅವನ ಕಡೆಗೆ ಹೋಯಿತು. ಅಷ್ಟೇ. ಕಾಕಾ ಒಣ ತಲೆಯಲ್ಲೇ ಎದ್ದು ಹೊರಟು ಬಂದ. "ಇನ್ನ ಆ ಹೊಸ್ತಿಲಾ ನಾ ತುಳಿಯಾಂಗಿಲ್ಲ" ಎಂದು ಆಣೆ ಮಾಡಿದ. ಹೆಂಡತಿಗೆ ಹೋಗಬೇಡ ಎಂದು ಒಮ್ಮೆಯೂ ಹೇಳಲಿಲ್ಲ, ಅದು ಅವನ ದೊಡ್ಡಸ್ತಿಕೆ. "ನೀ ಹೋಗು. ನನ್ನ ಊಟದ ವ್ಯವಸ್ಥಾ ಏನು, ಅದೊಂದು ಹೇಳಿ ಹೋಗು" ಎನ್ನುತ್ತಿದ್ದ. ಹನ್ನೊಂದು ವರ್ಷ ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಹಾಗಾದರೆ ತಾಯಿಯೇ ಬರಬಹುದಿತ್ತಲ್ಲ ಎನ್ನುತ್ತೀರಿ. ಅಲ್ಲಿಯೂ ಒಂದು ಗಂಟು. ಮಗಳಿಗೆ ಮಕ್ಕಳಾಗುವ ತನಕ ತಾಯಿಯಾದವಳು ಮಗಳ ಮನೆಯ ಹೊಸ್ತಿಲು ದಾಟುವಂತಿಲ್ಲ, ಅಲ್ಲಿ ನೀರೂ ಮುಟ್ಟುವಂತಿಲ್ಲ ಎಂಬುದು ಆ ಮನೆಯ ನೇಮ. ಅಳಿಯ ಅತ್ತೆಯ ಹೊಸ್ತಿಲು ದಾಟ, ಅತ್ತೆ ಅಳಿಯನ ಹೊಸ್ತಿಲು ದಾಟಳು. ನಡುವೆ ಒಬ್ಬ ಹೆಂಗಸು, ಕೈಯಲ್ಲಿ ಸೌಟು.

ಆ ವರ್ಷ ಬೀಳಗಿಯಿಂದ ಕಾಕುವಿನ ಅಣ್ಣನ ಕಾಗದ ಬಂತು. ಅವ್ವನ ಕಣ್ಣಿಗೆ ಪೊರೆ ಬಂದಿದೆ. ಒಂದು ಕಣ್ಣು ಹೋಗಿದೆ, ಇನ್ನೊಂದೂ ಹೋಗುತ್ತಿದೆ. ಪೂರಾ ಹೋಗುವುದರೊಳಗೆ ಮಗಳ ಮುಖ ಒಮ್ಮೆ ನೋಡಬೇಕಂತೆ. ಕಾಕು ಕಾಗದವನ್ನು ನನ್ನ ಕೈಯಲ್ಲಿ ಮೂರು ಸಲ ಓದಿಸಿದಳು. ಅಳಲಿಲ್ಲ. ಅಕ್ಕಿ ಆರಿಸುತ್ತ ಕುಳಿತಳು, ಒಮ್ಮೆ ಆರಿಸಿದ್ದನ್ನೇ ಮತ್ತೆ ಆರಿಸಿದಳು.

ಒಂದು ವಾರಕ್ಕೆ ಕಾಕಾ ಗಾಡಿ ತಂದ. ಯಾರೋ ಜಹಗೀರದಾರನ ಹಳೆಯ ಶಿಕಾರಿ ಗಾಡಿಯಂತೆ. ಲಾರಿಯ ಮೈ, ಪಾಲಕಿಯ ಗತ್ತು. ಒಳಗೆ ಕೆಳಗೊಂದು ಮೇಲೊಂದು ಹಲಗೆಯ ಹಾಸಿಗೆ, ಜಾಲರಿಯ ಕಿಟಕಿ, ನೀರಿನ ಹಂಡೆ, ಹಿಂದಿನ ಮೂಲೆಯಲ್ಲಿ ಪಂಪು ಹೊಡೆಯುವ ಹಿತ್ತಾಳೆಯ ಸ್ಟೋವು. ಹತ್ತಲು ಎರಡು ಮೆಟ್ಟಿಲು. ಓಣಿಯ ಮಂದಿಯೆಲ್ಲ ನೆರೆದರು. ಕಾಕಾ ಮೆಟ್ಟಿಲ ಮೇಲೆ ನಿಂತು ಭಾಷಣವನ್ನೇ ಮಾಡಿದ.

"ಇದು ಗಾಡಿ ಅಲ್ಲ, ಮನಿ. ಗಾಲಿ ಇದ್ದ ಮನಿ. ಬೀಳಗಿಗೆ ಹೋಗೂಣು. ನನ್ನ ಆಣಿನೂ ಮುರಿಯಾಂಗಿಲ್ಲ, ಇಕಿ ಅವ್ವನ ಭೆಟ್ಟಿನೂ ಆಗತದ. ಅವರ ಮನ್ಯಾಗ ಅವರು, ನಮ್ಮ ಮನ್ಯಾಗ ನಾವು!"

ನಾನು ಚಪ್ಪಾಳೆ ಹೊಡೆದೆ. ನನಗಾಗ ಹದಿನೇಳು. ಮ್ಯಾಟ್ರಿಕ್‌ನಲ್ಲಿ ಗಣಿತ ಕೈಕೊಟ್ಟಿತ್ತು, ಮನೆಯಲ್ಲಿದ್ದರೆ ವರ ನೋಡಲು ಬರುತ್ತಾರೆ ಎಂದು ಹೆದರಿ ನಾನೇ ಜೋತುಬಿದ್ದೆ. ಕಾಕಾ ಎಂಥ ಬುದ್ಧಿವಂತ ಎಂದು ಮನಸಾರೆ ಮೆಚ್ಚಿದೆ. ಗಣಿತದಲ್ಲಿ ಯಾಕೆ ನಪಾಸಾದೆ ಎಂಬುದು ಈಗ ನಿಮಗೆ ತಿಳಿದಿರಬೇಕು.

ಡ್ರೈವರ್ ಬೀರಪ್ಪ. ಕುರಿ ಕಾಯುವ ಮನೆತನದವನು, ಮಿಲಿಟರಿ ಲಾರಿ ಓಡಿಸಿ ಬಂದಿದ್ದ. ಗಾಡಿಯ ಸುತ್ತ ಒಮ್ಮೆ ತಿರುಗಿ ನೋಡಿ ಹೇಳಿದ: "ನಮ್ಮ ಮಂದಿನೂ ಕುರಿ ಹಿಂದ ಮನಿ ಹೊತಗೊಂಡ ತಿರಗತಾರ್ರಿ. ಆದ್ರ ಊರ ಬಂದ ಕೂಡ್ಲೆ ಯಾರದಾರ ಮನ್ಯಾಗ ಮಜ್ಜಗಿ ಬೇಡಿ ಕುಡೀತಾರ. ಇಲ್ಲಾಂದ್ರ ಊರಿಗೆ ಬಂದಂಗ ಹ್ಯಾಂಗ ಆತ್ರಿ?" ಕಾಕಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ನೋಡಿ. ಜಮಖಂಡಿಯಿಂದ ಬೀಳಗಿ ಮೂಡಣಕ್ಕೆ. ಗಾಡಿ ಹೊರಟದ್ದು ಪಡುವಣಕ್ಕೆ, ಬನಹಟ್ಟಿಗೆ! ಅಲ್ಲಿ ಕಾಕಾನ ಹಳೆಯ ಕಚೇರಿಯ ಗೆಳೆಯರಿದ್ದರು, ಅವರಿಗೆ ಗಾಡಿ ತೋರಿಸಬೇಕಿತ್ತು. ಅಲ್ಲೊಬ್ಬ ಮುದುಕಿಯ ಕಣ್ಣು ಆರುತ್ತಿದೆ, ಇಲ್ಲಿ ಇವನ ಮೆರವಣಿಗೆ. ನೇಕಾರರ ಓಣಿಯಲ್ಲಿ ಗಾಡಿ ಸಿಕ್ಕಿಕೊಂಡು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಮಗ್ಗಗಳ ಸದ್ದು ನಿಂತು, ಹೆಂಗಸರೆಲ್ಲ ಹೊರಬಂದರು. ಒಬ್ಬಾಕೆ ಒಳಗೆಲ್ಲ ಇಣುಕಿ ನೋಡಿ ಕಾಕುವನ್ನು ಕೇಳಿದಳು, "ಅಕ್ಕಾರ, ಎಲ್ಲಾ ಛಲೋ ಐತ್ರಿ. ಇದರಾಗ ನಿಮಗ ಕುಂದರಾಕ ಜಾಗಾ ಎಲ್ಲೈತಿ?"

"ಒಲಿ ಮುಂದ" ಎಂದಳು ಕಾಕು. ಆಕೆ ನಕ್ಕಳು, ಕಾಕುವೂ ನಕ್ಕಳು. ನಾನೂ ನಕ್ಕೆ, ಮೇಲಿನ ಹಾಸಿಗೆಯಲ್ಲಿ ಮಲಗಿಕೊಂಡು.

ಸುಖವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬನಹಟ್ಟಿಯಿಂದ ಮುಧೋಳಕ್ಕೆ ಹೋಗುವಾಗ ದಾರಿಯ ಬದಿಗೆ ಗಾಣ ನಡೆದಿತ್ತು. ಬೀರಪ್ಪ ಗಾಡಿ ನಿಲ್ಲಿಸಿ ತಂಬಿಗೆ ತುಂಬ ಕಬ್ಬಿನ ಹಾಲು ತಂದ. ಕಾಕಾ ನಿದ್ದೆ ಹೋಗಿದ್ದ. ಕಾಕು ಮುಂದಿನ ಸೀಟಿಗೆ ಬಂದು ಕುಳಿತಳು, ಗಾಳಿಗೆ ತಲೆಯ ಮೇಲಿನ ಸೆರಗು ಜಾರಿದರೂ ಎಳೆದುಕೊಳ್ಳಲಿಲ್ಲ. ಬೀಳಗಿಯ ಹಿತ್ತಲು, ಅವ್ವ ಕಲಸುವ ಹಚ್ಚಿದ ಅವಲಕ್ಕಿ, ಎಲ್ಲ ಹೇಳಿದಳು. "ತವರಿಗೆ ಬಂದ ಮಗಳು ಮೂರ ದಿವಸ ಒಲಿ ಮುಂದ ಹಾಯಬಾರದು ಅಂತಾಳ ನಮ್ಮವ್ವ. ಕೂತಲ್ಲೇ ತಾಟು ಬರತದ ನೋಡು" ಎಂದು ಹುಡುಗಿಯ ಹಾಗೆ ಕಾಲು ಆಡಿಸಿದಳು.

ಮುಧೋಳದ ಹತ್ತಿರ ಒಂದು ತೆಳುಹೊಟ್ಟೆಯ ನಾಯಿ ನಮ್ಮ ಗಾಡಿಯನ್ನು ಹಿಂದೆ ಹಾಕಿ ಹೋಗಿ, ಮುಂದೆ ನಿಂತು ತಿರುಗಿ ನೋಡಿತು. ಕಾಕಾನಿಗೆ ಅವಮಾನವಾಯಿತು. ಊರೊಳಗೆ ಪೋಲೀಸಿನವನೊಬ್ಬ ತಡೆದ. ಪಾನನಿರೋಧದ ದಿನಗಳು, ಕಿಟಕಿಗೆ ಪರದೆ ಕಟ್ಟಿದ ಗಾಡಿ ಎಂದರೆ ಸಂಶಯವೇ. ಅವನು ಬೂಟುಗಾಲಲ್ಲಿ ಹತ್ತಿ, ಮಡಿನೀರಿನ ಹಂಡೆಯಲ್ಲಿ ಕೋಲು ಆಡಿಸಿ, ಉಪ್ಪಿನಕಾಯಿಯ ಭರಣಿಗೆ ಬೆರಳದ್ದಿ ಮೂಸಿ, "ಛಲೋ ಅದ" ಎಂದು ನೆಕ್ಕಿ ಇಳಿದು ಹೋದ. ಕಾಕಾ ಅವನಿಗೆ ಒಂದು ಮಾತೂ ಆಡಲಿಲ್ಲ. ಗಾಡಿ ಹೊರಟ ಮೇಲೆ ಹೆಂಡತಿಯ ಮೇಲೆ ಹರಿಹಾಯ್ದ, ಭರಣಿಯನ್ನು ಮುಚ್ಚಿಡಬಾರದಿತ್ತೇ ಎಂದು. ಕಾಕು ಮತ್ತೆ ಸ್ನಾನ ಮಾಡಿದಳು, ಮತ್ತೆ ನೀರು ಸೇದಿದಳು, ಮತ್ತೆ ಅನ್ನಕ್ಕಿಟ್ಟಳು.

ನಾಲ್ಕನೆಯ ದಿನ ಮಧ್ಯಾಹ್ನ ಬೀಳಗಿ ಮುಟ್ಟಿದೆವು. ಕಾಕುವಿನ ತವರಿನ ಎದುರಿಗೆ, ಬಾವಿಯ ಹತ್ತಿರ ಬೇವಿನ ಗಿಡದ ಕೆಳಗೆ ಕಾಕಾ ಗಾಡಿ ನಿಲ್ಲಿಸಿದ. ಬಾಗಿಲಿಗೂ ನಮ್ಮ ಮೆಟ್ಟಿಲಿಗೂ ಮೂವತ್ತು ಹೆಜ್ಜೆ. ಕಾಕು ಓಡಿದಳು. ಅವಳ ಅವ್ವ, ಬೀಳಗಿ ಅಜ್ಜಿ, ಮಗನ ಕೈ ಹಿಡಿದು ಜಗಲಿಗೆ ಬಂದಳು. ಮಗಳ ಗದ್ದ ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು, ಆ ಕಡೆ ಈ ಕಡೆ ಹೊರಳಿಸಿ ನೋಡಿದಳು.

"ಬರೇ ಬೆಳ್ಳಗ ಕಾಣಸ್ತದ ಮಗಳ. ಬಿಸಲೇರಿದ ಮ್ಯಾಲ ಎಲ್ಲಾ ಮಂಜಿನ್ಹಾಂಗ. ಮುಂಜಾನೆ ಬಾ, ಎಳೀ ಬೆಳಕಿನ್ಯಾಗ. ಮುಂಜಾನೆ ನನಗ ಕಾಣಸ್ತದ."

ಕಾಕುವಿನ ಅಣ್ಣ ಬಂದು ಭಾವನನ್ನು ಒಳಗೆ ಕರೆದ, ಕೈ ಮುಗಿದ. ಕಾಕಾ ಮೆಟ್ಟಿಲ ಮೇಲೆಯೇ ಕುಳಿತಿದ್ದ. "ಮುಂಜಾನೆ ಬರ್ತಾಳ್ರಿ, ಯಾರು ಬ್ಯಾಡ ಅಂದಾರ? ಊಟ ಒಂದು ಮುಗೀಲಿ" ಎಂದ. ಕಚೇರಿಗೆ ರಜೆ ಹಾಕಿದ್ದನೇ ಹೊರತು ಹತ್ತು ಗಂಟೆಯ ಊಟಕ್ಕೆ ರಜೆ ಹಾಕಿರಲಿಲ್ಲ. ಅವಳು ತವರಲ್ಲಿ ಉಣ್ಣುವುದೂ ಕೂಡದು. ಗಂಡ ಹೊರಗೆ, ಹೆಂಡತಿ ಒಳಗೆ ಉಂಡರೆ ನಾಲ್ಕು ಮಂದಿ ಏನಂದಾರು?

ಮೊದಲ ಬೆಳಗು. ಕಾಕು ನಸುಕಿನಲ್ಲೇ ಎದ್ದು, ಮಡಿಯುಟ್ಟು, ಸ್ಟೋವು ಹಚ್ಚಿದಳು. ಸಾರು, ಪಲ್ಯ, ಅನ್ನ, ನೈವೇದ್ಯ, ಕಾಕಾನ ಊಟ. ಅಷ್ಟೂ ಮುಗಿಯುವ ತನಕ ಮಡಿಯಲ್ಲಿದ್ದವಳು ಯಾರನ್ನೂ ಮುಟ್ಟುವಂತಿಲ್ಲ. ಮಡಿ ಮುಗಿಸಿ ಅವಳು ರಸ್ತೆ ದಾಟುವಷ್ಟರಲ್ಲಿ ಬಿಸಿಲೇರಿತ್ತು. ಅಜ್ಜಿ ಗದ್ದ ಹಿಡಿದು ನೋಡಿದಳು, ಮಂಜು. ಎರಡನೆಯ ಬೆಳಗೂ ಹಾಗೆಯೇ. ಅವತ್ತು ಮುದುಕಿ ಬೆಳಕು ಹರಿಯುವ ಮೊದಲೇ ಜಗಲಿಯಲ್ಲಿ ಕುಳಿತು ನಮ್ಮ ಗಾಡಿಯ ಕಡೆಗೆ ಮುಖ ಮಾಡಿದ್ದಳು. ಬಿಸಿಲು ಜಗಲಿಯ ಮೇಲೆ ಸರಿದಂತೆ ಅವಳೂ ನೆರಳಿಗೆ ಸರಿಯುತ್ತಿದ್ದಳು. ನಾನು ಜಾಲರಿಯ ಕಿಟಕಿಯಿಂದ ಎಲ್ಲವನ್ನೂ ನೋಡಿದೆ. ನೋಡಿ, ಮಗ್ಗುಲಾಗಿ, ಕಾದಂಬರಿಯ ಹಾಳೆ ತಿರುವಿದೆ.

ಮೂರನೆಯ ದಿನ ಉಂಡು ಹೊರಡುವುದು ಎಂದು ಕಾಕಾ ಸಾರಿದ್ದ. ಬೆಳಿಗ್ಗೆ ಬೇಳೆ ಕುದಿಯುತ್ತಿತ್ತು. ಕಾಕು ಒಮ್ಮೆ ಹೊರಗೆ ನೋಡಿದಳು. ಜಗಲಿಯಲ್ಲಿ ಅವ್ವ ಕುಳಿತಿದ್ದಳು, ಬೆಳಕು ಇನ್ನೂ ಎಳೆಯದಾಗಿತ್ತು. ಕಾಕು ಸ್ಟೋವಿನ ತಿರುಪು ಸಡಿಲಿಸಿದಳು. ಗಾಳಿ ಬುಸ್ಸೆಂದು ಹೋಗಿ ಉರಿ ಆರಿತು. ಬಟ್ಟೆ ಸುತ್ತಿ ಒಂದು ಕೈಯಲ್ಲಿ ಸ್ಟೋವು ಹಿಡಿದಳು, ಇನ್ನೊಂದರಲ್ಲಿ ಬೇಳೆಯ ಪಾತ್ರೆ, ಮೆಟ್ಟಿಲು ಇಳಿದಳು.

"ಎಲ್ಲಿಗೆ?" ಎಂದ ಕಾಕಾ.

"ತವರಿಗೆ."

"ಮತ್ತ ಊಟಾ?"

"ಮನಿ ಎಲ್ಲಿ ಬೇಕಾದಲ್ಲಿ ಒಯ್ಯಬಹುದು ಅಂದ್ರೆಲ್ಲಾ, ನಾ ಒಲಿ ಒಯ್ಲಿಕ್ಕತ್ತೀನಿ. ಊಟಾ ಬೇಕಾದವರು ಒಲಿ ಹಿಂದ ಬರ್ರಿ."

ಬೀರಪ್ಪ ಸದ್ದಿಲ್ಲದೆ ಸೀಮೆಎಣ್ಣೆಯ ಡಬ್ಬಿ ಎತ್ತಿಕೊಂಡ. "ನೀ ಎಲ್ಲಿಗಲೇ?" ಎಂದು ಕಾಕಾ ಅವನ ಮೇಲೆ ಚೀರಿದ. "ಎಣ್ಣಿ ಇಲ್ದ ಒಲಿ ಹ್ಯಾಂಗ ಉರೀತೈತ್ರಿ ಸಾಹೇಬ್ರ?" ಎಂದು ಅವನೂ ರಸ್ತೆ ದಾಟಿದ.

ನಾನು ಹಾಸಿಗೆಯಿಂದ ಹಾರಿ ಹಿಂದೆ ಓಡಿದೆ. ಕಾಕು ಜಗಲಿಯ ಮೇಲೆ ಸ್ಟೋವು ಇಟ್ಟು ಅವ್ವನ ಮುಂದೆ ಕುಳಿತಳು. ಅಜ್ಜಿ ಕೈ ಚಾಚಿ, ಮಡಿಸೀರೆಯ ಒದ್ದೆ ತಾಗಿ, ಹಿಂದಕ್ಕೆ ಎಳೆದುಕೊಂಡಳು. "ಮಡಿ ಕೆಟ್ರ ಕೆಡ್ಲಿ, ಮುಟ್ಟವ್ವಾ" ಎಂದಳು ಕಾಕು.

ಅಜ್ಜಿ ನೋಡಿದಳು. ಬಹಳ ಹೊತ್ತು ನೋಡಿದಳು. "ಗಲ್ಲದ ಮ್ಯಾಲ ಇದೇನ ಕಲಿ?"

"ಸ್ಟೋವ್ ಸಿಡಿದಿತ್ತು."

"ಕೂದಲಾ ಬೆಳ್ಳಗಾಗ್ಯಾವಲ್ಲ ನಿನಗೂ! ಕಪ್ಪ ಹೆರಳಿನ ಹುಡುಗೀನ ಕಳಿಸಿದ್ದೆ ನಾನು." ಆಗ ಕಾಕು ಅತ್ತಳು. ಹನ್ನೊಂದು ವರ್ಷದ್ದನ್ನು ಒಮ್ಮೆಗೇ ಅತ್ತಳು. ಅವಳ ಅತ್ತಿಗೆ ಬಂದು ಸ್ಟೋವನ್ನೂ ಬೇಳೆಯನ್ನೂ ಒಳಗೆ ಒಯ್ದಳು.

ಕಾಕಾ ಗಾಡಿಯಲ್ಲಿ ಕುಳಿತು ಚುರಮುರಿ ತಿಂದ. ಅವನ ಆಣೆಯೂ ಉಳಿಯಿತು, ಹಸಿವೂ ಉಳಿಯಿತು. ಬೀರಪ್ಪ ಜಗಲಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದು, ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ಬಂದು ಗಾಡಿ ಹೊರಡಿಸಿದ. ಕಾಕು ಒಂದು ತಿಂಗಳು ನಿಂತಳು. ಆ ತಿಂಗಳು ಮುಗಿಯುವುದರೊಳಗೆ ಅಜ್ಜಿಯ ಬೆಳಗುಗಳೂ ಮಂಜಾದವು. ಕಾಕು ಉಡಿ ತುಂಬಿಸಿಕೊಂಡು ಬಸ್ಸಿನಲ್ಲಿ ಒಬ್ಬಳೇ ಬಂದಳು, ಬಸ್ಸಿನ ಮೇಲೆ ಸ್ಟೋವು. ಕಾಕಾ ತಪ್ಪಾಯಿತು ಎಂದನೇ ಎಂದು ಕೇಳಬೇಡಿ. "ಬಂದ್ಯಾ? ಹತ್ತಾಗಲಿಕ್ಕೆ ಬಂತು" ಎಂದ. ಆದರೆ ಆ ಗಾಡಿಯನ್ನು ಮಾತ್ರ ಅವನು ಮತ್ತೆ ಹತ್ತಲಿಲ್ಲ.

ಇಷ್ಟು ವರ್ಷ ಈ ಕತೆಯನ್ನು ಕಾಕಾನಿಗೆ ಬೈಯುತ್ತಲೇ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ, ಮೊಮ್ಮಗನ ಫೋನು ಮೂಗಿನ ಮುಂದಿರುವಾಗ, ಸಿಟ್ಟು ಎಲ್ಲೆಲ್ಲೋ ತಿರುಗಿ ನನ್ನ ಮೇಲೆಯೇ ಬಂದು ಕುಳಿತಿತು. ಎರಡು ಬೆಳಗು ನಾನು ಅಲ್ಲಿದ್ದೆನಲ್ಲ! ನನಗೆ ಅನ್ನ ಮಾಡಲು ಬರುತ್ತಿತ್ತು. "ನೀ ಹೋಗು ಕಾಕು, ಒಲಿ ನಾ ನೋಡ್ತೀನಿ" ಎನ್ನಲು ಗಣಿತ ಬೇಕಿರಲಿಲ್ಲ. ಕಾಕಾ ಕೂಗಾಡುತ್ತಿದ್ದ, ಕೂಗಾಡಿದರೆ ಕೂಗಾಡಲಿ. ಮುದುಕಿಯ ಬಳಿ ಎಣಿಕೆಯ ಬೆಳಗುಗಳಿದ್ದವು. ಅದರಲ್ಲಿ ಎರಡನ್ನು ನಾನು ಮಲಗಿ ಕಳೆದೆ.

ಎದ್ದೆ. ಗೋಡೆ ಹಿಡಿದು ಅಡುಗೆಮನೆಗೆ ಹೋಗಿ ಮೊಮ್ಮಗನ ಹೆಂಡತಿಯ ಕೈಯಿಂದ ಸೌಟು ಕಿತ್ತುಕೊಂಡೆ. "ಹೋಗು, ನಿಮ್ಮವ್ವನ ಜೋಡಿ ಮಾತಾಡು. ಒಲಿ ನಾ ನೋಡ್ತೀನಿ." ಅವಳು ಗಾಬರಿಯಾದಳು. ಮೊಮ್ಮಗ, "ಅಜ್ಜಿ, ನಿನ್ನ ಕೈ ನಡಗತದ" ಎನ್ನುತ್ತ ಓಡಿ ಬಂದ. "ಖರೇ. ಅದಕ್ಕ ನೀ ಹಿಡಿ" ಎಂದು ಸೌಟು ಅವನಿಗೆ ಕೊಟ್ಟು ಪಕ್ಕದಲ್ಲೇ ನಿಂತೆ. "ಒಲಿನೂ ಒಳಗೇ ಅದ ಅಂದ್ಯಲಾ, ನೋಡಿಕೋ, ಎಲ್ಲಿ ಅದ."

ಅವಳು ಫೋನಿನಲ್ಲಿ ತಾಯಿಗೆ ಮುಖ ಕಾಣುವ ಹಾಗೆ ವಿಡಿಯೋ ಹಚ್ಚಿಕೊಂಡು ಬಾಲ್ಕನಿಗೆ ಹೋದಳು. ಮುಧೋಳದಿಂದ ಅವಳ ತಾಯಿಯ ದನಿ ಅಡುಗೆಮನೆಯ ತನಕ ಕೇಳಿಸಿತು.

"ಬೆಳಕಿಗೆ ತಿರುಗವಾ. ಮುಖಾ ಕಾಣವಲ್ದು."