ಡಾಕ್ಟರ್ ಮೇಡಂ ಬಿಟ್ಟುಕೊಟ್ಟ ಕೋಣೆ

ಕಳೆದ ವಾರ ಬಾಜೂ ಮನೆಯವರು ನೆಲಕ್ಕೆ ಟೈಲ್ಸ್ ಹಾಕಿಸುತ್ತಿದ್ದರು. ಹಸಿ ಸಿಮೆಂಟಿನ ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬಂತು. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ನಮ್ಮ ಸರಕಾರಿ ದವಾಖಾನೆಯ ಆ ಕೋಣೆ, ಅದನ್ನು ಬಿಟ್ಟುಕೊಟ್ಟ ದೊಡ್ಡ ಡಾಕ್ಟರ್ ಮೇಡಂ... ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

ಆಗ ನನ್ನ ಯಜಮಾನರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಮೇಲವಂಕಿಯ ಸುತ್ತಮುತ್ತ ಎಷ್ಟೋ ಮನೆ ಕಟ್ಟಿದ್ದ ಗೌಂಡಿ ಅವರು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬೆಳಗಾವಿಗೆ ಹೋಗಬೇಕಿತ್ತು. ನಸುಕಿನಲ್ಲಿ ಬಸ್ಸು ಹತ್ತಿದರೆ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಬರುವಾಗ ಅವರು ಕಿಟಕಿಗೆ ತಲೆಯಿಟ್ಟು ಮಲಗುತ್ತಿದ್ದರು. ತಲೆ ಬಡಿಯದಿರಲೆಂದು ನಾನು ದಾರಿಯುದ್ದಕ್ಕೂ ಅಂಗೈ ಅಡ್ಡ ಇಟ್ಟುಕೊಂಡು ಕೂಡುತ್ತಿದ್ದೆ. ಅಂಕಲಗಿಯ ಒಬ್ಬ ಮುದುಕಿಯೂ ಅದಕ್ಕೇ ಅದೇ ಬಸ್ಸಿಗೆ ಬರುತ್ತಿದ್ದಳು. ಒಂದು ದಿನ ಅವಳು, "ಇನ್ನ ನಾ ಬರಂಗಿಲ್ಲವ್ವಾ, ಸಾಕಾತು," ಅಂದುಬಿಟ್ಟಳು.

ಮಹಿಳಾ ಸಂಘದ ಪರವಾಗಿ ನಾನು ದವಾಖಾನೆಯ ಸಮಿತಿಯಲ್ಲಿದ್ದೆ. ಆ ವರ್ಷ ನಮಗೆ ಎರಡು ಡಯಾಲಿಸಿಸ್ ಯಂತ್ರ ಮಂಜೂರಾದವು. ಆದರೆ ಕೋಣೆ ಮತ್ತು ನೀರು ಶುದ್ಧ ಮಾಡುವ ಘಟಕವನ್ನು ನಾವೇ ಹೊಂದಿಸಬೇಕು. ಮಾರ್ಚ್ ಒಳಗೆ ಆಗದಿದ್ದರೆ ಯಂತ್ರ ಬೇರೆ ತಾಲೂಕಿಗೆ ಹೋಗುತ್ತವೆ. ಹೊಸ ಕೋಣೆ ಕಟ್ಟಿದರೆ ಕೈಯಲ್ಲಿದ್ದ ಅನುದಾನ ಅಲ್ಲಿಗೇ ಮುಗಿಯುತ್ತಿತ್ತು. ಔಷಧದ ರೊಕ್ಕವನ್ನು ನೀರಿನ ಘಟಕಕ್ಕೆ ತಿರುಗಿಸೋಣ ಎಂದು ಸಭೆಯಲ್ಲಿ ಒಬ್ಬರು ಅಂದರು. ನಾನೂ ಹೂಂ ಅಂದೆ.

ಮೇಡಂ ಒಪ್ಪಲಿಲ್ಲ. ಹುಕ್ಕೇರಿ ಕಡೆಯವರು. ದನಿ ಸಣ್ಣದು, ಇಲ್ಲ ಅಂದರೆ ಮಾತ್ರ ಇಲ್ಲ.

"ಹಾವು ಕಡದ್ರ ಹಾಕೋ ಇಂಜೆಕ್ಷನ್, ಬಾಣಂತ್ಯಾರ ಔಷಧ, ಆಂಬುಲೆನ್ಸಿನ ಡೀಸೆಲ್... ಇವನ್ನ ಮುಟ್ಟಾಕ ಬರಂಗಿಲ್ರಿ," ಅಂದರು.

"ಮತ್ತ ನಮ್ಮ ಮನಿಯವ್ರು ಏನ್ ಮಾಡಬೇಕ್ರಿ?" ಎಂದು ಕೇಳಿದೆ. ನನ್ನ ದನಿ ಏರಿತ್ತು.

"ಅವ್ರನ್ನೂ ಕೈ ಬಿಡಂಗಿಲ್ರಿ ಅಕ್ಕಾರ. ನನಗ ನಾಕ್ ದಿನ ಕೊಡ್ರಿ."

ಸಿಟ್ಟಿನಲ್ಲೇ ಎದ್ದು ಬಂದೆ.

ಮುಂದಿನ ಸಭೆಗೆ ಹೋದಾಗ ಅವರ ಕೋಣೆ ಖಾಲಿ ಇತ್ತು. ಟೇಬಲ್ಲು, ಕುರ್ಚಿ, ಕಪಾಟು ಎಲ್ಲ ವರಾಂಡಾದಲ್ಲಿ, ಇಂಜೆಕ್ಷನ್ ಕೊಡುವ ಕೋಣೆಯ ಪಕ್ಕದಲ್ಲಿ. ಮೇಡಂ ಅಲ್ಲೇ ಕೂತು ಪೇಶಂಟ್ ನೋಡುತ್ತಿದ್ದರು.

"ನನ್ನ ಕೋಣಿ ದೊಡ್ಡದೈತಿ, ಒಳಗ ನಳಾನೂ ಐತಿ. ಎರಡು ಮಶೀನ್ ಆರಾಮ್ ಹಿಡಿತಾವು. ಕಟ್ಟೋ ರೊಕ್ಕ ಉಳೀತಲ್ರಿ, ಅದರಾಗ ನೀರಿಂದು ಮಾಡೂಣು," ಅಂದರು.

ಸಮಿತಿಯ ಹಿರಿಯರೊಬ್ಬರಿಗೆ ಸಮಾಧಾನವಾಗಲಿಲ್ಲ. "ಮ್ಯಾಲಿನ ಸಾಹೇಬ್ರು ಬಂದ್ರ ಎಲ್ಲಿ ಕುಂಡ್ರತಾರ್ರಿ?"

"ಇಲ್ಲೇ, ಪೇಶಂಟ್ ಬಾಜೂಕ. ಬೆಂಚ್ ಐತಲ್ರಿ."

ಹಿರಿಯರು ನಕ್ಕರು. ಮಾತು ಅಲ್ಲಿಗೆ ಮುಗಿಯಿತು. ನಾನು ಸಂಜೆಯೇ ಅಂಕಲಗಿಗೆ ಹೋಗಿ ಮುದುಕಿಗೆ, "ಇನ್ನ ಸ್ವಲ್ಪ ದಿನ ಬೆಳಗಾವಿಗೆ ಬಾ ಆಯಿ, ಆಮ್ಯಾಲ ನಮ್ಮಲ್ಲೇ ಆಗ್ತೈತಿ," ಅಂದೆ. ಅವಳು ನಂಬಲಿಲ್ಲ. ಬಂದಳು ಮಾತ್ರ.

ಕೆಲಸ ಶುರುವಾದ ಮೇಲೆ ನಮ್ಮವರು ಮನೆಯಲ್ಲಿ ಕೂಡಲಿಲ್ಲ. ಕಾಲು ಬಾತಿದ್ದರೂ ಆ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು, ತಮ್ಮ ಜೊತೆಗಾರ ಗೌಂಡಿಗಳ ಕೈಯಿಂದ ನೆಲಕ್ಕೆ ಟೈಲ್ಸ್ ಹಾಕಿಸಿದರು. ಯಾರೂ ಪಗಾರ ಕೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ಅವರ ಬಾಯಲ್ಲಿ ಒಂದು ಹಾಡು ಕೇಳಿದೆ... ಯಾವ ಹಾಡೋ ಈಗ ನೆನಪಿಲ್ಲ.

ಮಾರ್ಚ್ ಮುಗಿಯುವ ಮೊದಲೇ ನೀರಿನ ಘಟಕ ಕೂತಿತು, ಪರೀಕ್ಷೆಯಲ್ಲಿ ನೀರು ಪಾಸಾಯಿತು, ಯಂತ್ರಗಳು ಬಂದವು. ಮೊದಲ ದಿನ ಒಂದು ಹಾಸಿಗೆಯಲ್ಲಿ ಮುದುಕಿ, ಇನ್ನೊಂದರಲ್ಲಿ ನಮ್ಮವರು. ಮೇಡಂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಎಲ್ಲ ಮುಗಿದು ನರ್ಸು ಸೂಜಿ ತೆಗೆದಾಗ ಮುದುಕಿ, "ಇಷ್ಟ ಲಗೂ ಆತ?" ಅಂದಳು.

"ಹೊತ್ತು ಮೊದಲಿನಷ್ಟ ಹಿಡಿದೈತಿ, ಆಯಿ. ಬೆಳಗಾವಿ ಬಸ್ ಹತ್ತೂದಿಲ್ಲ ನೋಡು, ಅದಕ್ಕ," ಅಂದರು ಮೇಡಂ. ಕೋಣೆ ತುಂಬ ನಗು.

ಅಂದು ಮಧ್ಯಾಹ್ನದ ಊಟಕ್ಕೆ ನಮ್ಮವರು ಮನೆಯಲ್ಲಿದ್ದರು. ಉಂಡು, ಹೊರಗೆ ಕಟ್ಟೆಯ ಮೇಲೆ ಕೂತು, ಹೋಗಿಬರುವವರನ್ನೆಲ್ಲ ಕರೆದು ಮಾತಾಡಿಸಿದರು. ಒಳಗಿನಿಂದ ಅವರ ದನಿ ಕೇಳುತ್ತ ನಾನು ಸುಮ್ಮನೆ ನಿಂತಿದ್ದೆ. ಊರೇ ಗೆದ್ದಂತಿತ್ತು.

ಮೇಡಂ ಟೇಬಲ್ಲು ಮತ್ತೆ ಒಳಗೆ ಹೋಗಲಿಲ್ಲ. ಎದುರಿಗೇ ಕೂತಿರುತ್ತಿದ್ದುದರಿಂದ ಜನ ನೇರ ಅವರಿಗೇ ಹೇಳುತ್ತಿದ್ದರು. ಹಾಗೆ ಕೇಳಿ ಕೇಳಿಯೇ ಅವರು ಮುಂದೆ ಮಕ್ಕಳ ವಾರ್ಡು ಮಾಡಿದರು, ಇನ್ನೂ ಎರಡು ಯಂತ್ರ ತರಿಸಿದರು. ಔಷಧದ ರೊಕ್ಕ ಮಾತ್ರ ಒಮ್ಮೆಯೂ ಮುಟ್ಟಲಿಲ್ಲ. ವರ್ಗವಾಗಿ ಹೋಗುವ ದಿನವೂ ಕೊನೆಯ ಪೇಶಂಟ್ ನೋಡಿಯೇ ಎದ್ದರು.

ನಮ್ಮವರ ಡಯಾಲಿಸಿಸ್ ಈಗಲೂ ಅಲ್ಲೇ ನಡೆದಿದೆ. ನಿನ್ನೆ ಹೊರಗೆ ಕೂತಿದ್ದಾಗ ಮೂಡಲಗಿಯ ಒಬ್ಬ ಹೆಣ್ಣುಮಗಳು ಮಗನನ್ನು ಕರೆದುಕೊಂಡು ಮೊದಲ ಸಲ ಬಂದಿದ್ದಳು. ಅವಳಿಗೆ ಇದನ್ನೆಲ್ಲ ಹೇಳಿದೆ.

"ಆ ಮೇಡಮ್ಮಾರು ಈಗ ಎಲ್ಲದಾರ್ರಿ? ಒಮ್ಮಿ ಭೇಟಿ ಆಗಬೇಕಿತ್ತು," ಅಂದಳು.

"ಇಲ್ಲವ್ವಾ... ಹ್ವಾದ ವರ್ಷ ತೀರಿಕೊಂಡ್ರು."

ಒಳಗಿನಿಂದ ನರ್ಸು ಅವಳ ಮಗನ ಹೆಸರು ಕೂಗಿದಳು. ಅವನ ಕೈ ಹಿಡಿದು ಬಾಗಿಲ ತನಕ ಹೋದವಳು, ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು.