ಸಕ್ಕರೆ ಡಬ್ಬಿಯ ಕಾವಲು

ಸೆಪ್ಟೆಂಬರ್ 1990, ಕುವೈತ್. ಮಂಗಫ್‌ನ ನಮ್ಮ ಫ್ಲ್ಯಾಟಿನಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ಅಮ್ಮ ಖುಬ್ಬೂಸ್‌ಗಾಗಿ ಬೇಕರಿಯ ಸಾಲಿನಲ್ಲಿದ್ದರು. ಇರಾಕಿ ಸೈನಿಕರು ಬಂದ ಮೇಲೆ ರೊಟ್ಟಿಗೂ ಅರ್ಧ ದಿನ ಕಾಯಬೇಕಿತ್ತು.

ಇಂದು ಆ ದಿನ ನೆನಪಾದದ್ದು ಅಮ್ಮನ ಪರ್ಸಿನಿಂದ. ಈಗ ಅಪ್ಪನ ಹಾಗೆ ಅವರಿಗೂ ಸಕ್ಕರೆ ಕಾಯಿಲೆ. ಹೋಟೆಲಿನ ಎರಡು ಸಕ್ಕರೆ ಪೊಟ್ಟಣ ತೋರಿಸಿ, "ಸಕ್ಕರೆ ಇಳಿದು ನಾನು ನಡುಗಿದರೆ ಏನೂ ಕೇಳಬೇಡ, ಬಾಯಿಗೆ ಹಾಕು" ಎಂದರು.

ಕುವೈತ್‌ನಲ್ಲಿ ಅಪ್ಪ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಆದರೂ ಚಹಾಕ್ಕೆ ಕದ್ದು ಸಕ್ಕರೆ ಹಾಕುತ್ತಿದ್ದರು. ಡಬ್ಬಿ ಕಾಯುವ ಕೆಲಸವನ್ನು ಅಮ್ಮ ಏಳು ವರ್ಷದ ನನಗೆ ವಹಿಸಿದ್ದರು. ಅಪ್ಪ ನನ್ನನ್ನು "ಇನ್‌ಸ್ಪೆಕ್ಟರೇ" ಎಂದು ಕರೆಯುತ್ತಿದ್ದರು.

ಆ ದಿನ ಇಂಜೆಕ್ಷನ್ ಆಗಿತ್ತು, ಊಟ ಆಗಿರಲಿಲ್ಲ. ಅಪ್ಪನ ಬನಿಯನ್ ಬೆವರಿನಿಂದ ತೊಯ್ದಿತ್ತು. ಕೈ ನಡುಗುತ್ತಿತ್ತು.

"ಸಕ್ಕರೆ ಕೊಡು ಮಗಾ, ಬೇಗ."

"ನಿಮಗೆ ಸಕ್ಕರೆ ಆಗುದಿಲ್ಲ. ಅಮ್ಮ ಬೈತಾರೆ."

"ಇನ್‌ಸ್ಪೆಕ್ಟರೇ, ಇವತ್ತು ತಮಾಷೆ ಅಲ್ಲ."

ಹಾಗೆ ಅವರು ದಿನವೂ ಹೇಳುತ್ತಿದ್ದರು. ನಾನು ಡಬ್ಬಿ ಅಪ್ಪಿಕೊಂಡು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿದೆ. ಬಾಗಿಲು ಬಡಿಯುವುದು ನಿಂತಾಗ ಗೆದ್ದೆ ಎಂದುಕೊಂಡೆ. ಹೊರಗೆ ಅಪ್ಪ ನೆಲದ ಮೇಲೆ ಮಲಗಿದ್ದರು. ನಿದ್ದೆ ಎಂದುಕೊಂಡು ಡಬ್ಬಿಯನ್ನು ಅದರ ಜಾಗದಲ್ಲಿಟ್ಟೆ.

ಅಮ್ಮ ಬಂದು ಎಬ್ಬಿಸಿದರು. ಅಪ್ಪ ಏಳಲಿಲ್ಲ.

"ನಾನು ಸಾಲು ಬಿಟ್ಟು ಬರಬೇಕಿತ್ತು" ಎಂದು ಅಮ್ಮ ಈಗಲೂ ಹೇಳುತ್ತಾರೆ. ಇಂದೂ ಹೇಳಿದರು, ಪರ್ಸಿನ ಜಿಪ್ ಎಳೆಯುತ್ತಾ. ಡಬ್ಬಿ ಎಲ್ಲಿತ್ತೆಂದು ಅವರಿಗೆ ನಾನು ಹೇಳಿಲ್ಲ.

ಭಾನುವಾರ ಅವರ ಮನೆಗೆ ಹೋಗಿ ಹೇಳುತ್ತೇನೆ. ಅವರ ಊಟವಾದ ಮೇಲೆ.