ಚಾರ್ಜಿಗೆ ಇಟ್ಟ ಫೋನಿನ ಪಕ್ಕದಲ್ಲಿ

ನನ್ನ ಅಕ್ಕನಿಗೆ ತವರು ಅಂತ ಉಳಿದಿದ್ದು ಪುಣೆಯ ನಮ್ಮ ಮನೆ ಒಂದೇ. ಅಪ್ಪ ಅವ್ವ ತೀರಿಕೊಂಡು, ಊರಿನ ಮನೆ ಕೈಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಆದರೂ ಅವಳು ಈ ತವರಿನ ಹೊಸ್ತಿಲು ತುಳಿದದ್ದು ಕಡಿಮೆ. ಮದುವೆಯಾಗಿ ಹೋದ ವಿಜಯಪುರದ ಕಡೆಯ ಹಳ್ಳಿಯಿಂದ ನಾಲ್ಕಾರು ಹೆಂಗಸರ ಜೊತೆ ಆಳಂದಿಗೆ ಬಂದು, ಅಲ್ಲಿಂದ ಸಂತರ ಪಾದುಕೆಗಳನ್ನು ಹೊತ್ತು ಸಾಗುವ ಪಾಲಖಿಯ ಹಿಂದೆ ಪ್ರತಿ ವರ್ಷ ಪಂಢರಪುರದವರೆಗೆ ವಾರಿ ನಡೆಯುತ್ತಿದ್ದಳು. ಪಾಲಖಿ ಪುಣೆಯಲ್ಲೇ ತಂಗಿದರೂ ಮನೆಗೆ ಬರುತ್ತಿರಲಿಲ್ಲ. ಕರೆದರೆ, "ವಾರಿಗೆ ಹೊಂಟಾಕಿ ನಡಕ ಮನಿ ಸೇರಬಾರದು ತಮ್ಮಾ. ಒಮ್ಮೆ ಗಾದಿ ಮ್ಯಾಲೆ ಕುಂತ್ರ ಮತ್ತ ಏಳೂದಾಗಂಗಿಲ್ಲ" ಅನ್ನುತ್ತಿದ್ದಳು. ಹಾಗಾಗಿ ಪುಣೆ ದಾಟಿದ ಮೇಲೆ ಪಾಲಖಿ ತಂಗುವ ಸಾಸವಡಕ್ಕೆ ನಾವೇ ಹೋಗುತ್ತಿದ್ದೆವು.

ಪಾಲಖಿ ದಿವೆ ಘಾಟ್ ಹತ್ತುವ ಹೊತ್ತಿಗೆ ಅವಳಿಗೆ ಏಕಾದಶಿಯ ಉಪವಾಸ. ನೀರು ಬಿಟ್ಟು ಬೇರೇನೂ ಮುಟ್ಟದೆ ಘಾಟ್ ಹತ್ತುವುದು ಅವಳ ನೇಮ. ಮರುದಿನ ಪಾಲಖಿ ಸಾಸವಡದಲ್ಲಿ ತಂಗಿರುವಾಗ, ನಾವು ಒಯ್ದ ಬುತ್ತಿಯಿಂದಲೇ ಪಾರಣೆ ಮಾಡುತ್ತಿದ್ದಳು, ಅಂದರೆ ಉಪವಾಸ ಬಿಡುತ್ತಿದ್ದಳು. ಮೊದಲ ತುತ್ತು ತವರಿನದಾಗಬೇಕು, ಅದನ್ನು ನನ್ನ ಕೈಯಿಂದಲೇ ಇಸಿದುಕೊಳ್ಳಬೇಕು. ನನ್ನ ಹೆಂಡತಿ ಹಿಂದಿನ ದಿನವೇ ಸಜ್ಜೆ ರೊಟ್ಟಿ ಬಡಿದು, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ ಕುಟ್ಟಿ, ಬೆಳಗಿನ ಜಾವ ಮೊಸರನ್ನ ಕಲಸಿ ಕಟ್ಟುತ್ತಿದ್ದಳು.

ಅಕ್ಕನದು ಡೇರೆ, ಅಡಿಗೆಯ ಏರ್ಪಾಡೆಲ್ಲ ಇರುವ ನಂಬರಿನ ದಿಂಡಿಯಲ್ಲ. ಜಾಗ ಸಿಕ್ಕಲ್ಲಿ, ಶಾಲೆಯ ಜಗಲಿಯಲ್ಲೋ ಅಂಗಡಿಯ ಕಟ್ಟೆಯ ಮೇಲೋ ಮಲಗುವ ಗುಂಪು. ಆ ಜನಸಾಗರದಲ್ಲಿ ಹುಡುಕಿದರೆ ಸಿಗುವವಳಲ್ಲ. ಆದ್ದರಿಂದ ಕರ್ಹಾ ನದಿಯ ಕಡೆಗಿರುವ ಒಂದು ಬೇವಿನ ಮರದ ಕಟ್ಟೆಯನ್ನು ಗೊತ್ತು ಮಾಡಿಕೊಂಡಿದ್ದೆವು. ಬಿಸಿಲು ಏರುವ ಮೊದಲು ಅವಳು ಅಲ್ಲಿರಬೇಕು, ನಾವು ಅಲ್ಲಿರಬೇಕು. ಪತ್ರವಿಲ್ಲ, ಫೋನಿಲ್ಲ. ಒಂದು ವರ್ಷವೂ ತಪ್ಪಿರಲಿಲ್ಲ.

ನಾನು ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಸ್ಟೋರು ನೋಡಿಕೊಂಡು ನಿವೃತ್ತನಾದವನು. ಅಲ್ಲಿ ಭೋಂಗಾ ಕೂಗಿದ ಮೇಲೆ ಗೇಟು ಮುಚ್ಚುತ್ತಿತ್ತು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಬೆಂಕಿ ಬಿದ್ದರೆ ಯಾರು ಎಲ್ಲಿ ನಿಲ್ಲಬೇಕು ಎಂಬುದು ಗೋಡೆಯ ಮೇಲೆ ಬರೆದಿತ್ತು. ಹೊಗೆಯಲ್ಲಿ ಯಾರೂ ಯಾರನ್ನೂ ಹುಡುಕುತ್ತ ಅಲೆಯಬಾರದು, ಗೊತ್ತಾದ ಜಾಗಕ್ಕೆ ಹೋಗಿ ನಿಲ್ಲಬೇಕು. ಈ ಒಂದು ನಿಯಮದಿಂದ ಜೀವ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೇವಿನ ಕಟ್ಟೆ ನನಗೆ ಅಂಥ ಜಾಗ.

ಫೋನನ್ನು ಕಂಡರೆ ಉರಿದುಬೀಳುವ ಮುದುಕ ನಾನಲ್ಲ. ನನ್ನ ಹತ್ತಿರವೂ ಒಂದಿದೆ. ಪಿಂಚಣಿಗಾಗಿ ಪ್ರತಿ ವರ್ಷ ಬ್ಯಾಂಕಿಗೆ ಹೋಗಿ ಬದುಕಿದ್ದೇನೆ ಎಂದು ತೋರಿಸುವ ಕೆಲಸವನ್ನು ಈಗ ಮನೆಯಲ್ಲೇ ಕೂತು ಅದಕ್ಕೆ ಮುಖ ಕೊಟ್ಟು ಮುಗಿಸುತ್ತೇನೆ. ಉಪಕಾರವಾಗಿದೆ, ಒಪ್ಪುತ್ತೇನೆ. ಬೆಳಿಗ್ಗೆ ತಿಂಡಿಯ ಮೇಲೊಮ್ಮೆ, ಸಂಜೆ ತಿರುಗಾಟದ ಮೇಲೊಮ್ಮೆ ನೋಡಿ ಮತ್ತೆ ಗೋಡೆಯ ಮಾಡದಲ್ಲಿ ಇಡುತ್ತೇನೆ. ಸುತ್ತಿಗೆಯನ್ನು ಯಾರೂ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವುದಿಲ್ಲ. ಆದರೆ ನನ್ನ ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು ಮೂವರೂ ಊಟದ ತಟ್ಟೆಯ ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟುಕೊಂಡಂತೆ ಅದನ್ನು ಇಟ್ಟುಕೊಂಡು ಉಣ್ಣುತ್ತಾರೆ. ನಾನು ಮಾತಾಡಿದರೆ ಹೂಂ ಅನ್ನುತ್ತಾರೆ. ಏನು ಹೇಳಿದೆ ಎಂದು ತಿರುಗಿ ಕೇಳಿದರೆ ಹೇಳಲು ಬರುವುದಿಲ್ಲ.

ಮಗ ಚಾಕಣದ ಕಾರ್ಖಾನೆಯೊಂದರಲ್ಲಿ ಅಧಿಕಾರಿ. ಸಂಬಂಧಿಕರ ಮದುವೆಯೊಂದರಲ್ಲಿ ಅವನು ಅಕ್ಕನಿಗೆ ಒಂದು ಹೊಸ ಫೋನು ಕೊಟ್ಟ. ಪ್ರೀತಿಯಿಂದಲೇ ಕೊಟ್ಟ. ಪಕ್ಕದಲ್ಲಿ ಕೂತು ಕಲಿಸಿಯೂ ಕೊಟ್ಟ.

"ಅತ್ಯಾ, ಒಂದ ಮಾತು ನೆನಪಿಡ್ರಿ. ಇದರ ಚಾರ್ಜ್ ಇಳೀಲಿಕ್ಕೆ ಬಿಡಬ್ಯಾಡ್ರಿ. ಇದು ಬಂದ್ ಬಿತ್ತಂದ್ರ ನೀವು ಕಳದಂಗ."

"ನಾ ಯಾಕ ಕಳೀಲೆಪಾ, ಇದ್ದಲ್ಲೇ ಇರ್ತೀನಲ್ಲ" ಎಂದು ಅಕ್ಕ ನಕ್ಕಳು. ಆದರೆ ಮಾತನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಅವಳು ಹಾಗೆಯೇ. ಹೇಳಿದ್ದನ್ನು ಅಕ್ಷರಶಃ ಪಾಲಿಸುವವಳು.

ಆ ವರ್ಷ ಅವಳ ಮೊಣಕಾಲು ಸವೆದಿದೆ ಎಂದು ಡಾಕ್ಟರು ಹೇಳಿದ್ದರು. ಹೊರಡುವ ಮೊದಲು ಫೋನು ಮಾಡಿದಳು. "ಇದ ಕಡೀ ವಾರಿ ಅಂತ ಕಾಣಸ್ತದ ತಮ್ಮಾ. ಬೇವಿನ ಕಟ್ಟೀಗೆ ಬರ್ತೀಯಲ್ಲಾ?"

"ಬರ್ತೀನಿ ಅಕ್ಕಾ" ಎಂದೆ. ಅಷ್ಟೇ ಮಾತು. ನಮ್ಮ ನಡುವೆ ಅದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ.

ಹೋಗುವ ದಿನ ಮನೆಮಂದಿಯೆಲ್ಲ ಬೋಪದೇವ ಘಾಟಿನ ಮೇಲಿಂದ ಕಾರಿನಲ್ಲಿ ಹೋದೆವು. ಸಾಸವಡದ ಅಂಚಿನಲ್ಲಿ ಪೊಲೀಸರು ಗಾಡಿ ತಡೆದರು. ಇಳಿದು ನಾನು ನದಿಯ ದಾರಿ ಹಿಡಿಯಬೇಕು ಅನ್ನುವಷ್ಟರಲ್ಲಿ ಮಗ ತೋಳು ಹಿಡಿದ.

"ಅಪ್ಪಾ, ಇನ್ನ ಯಾ ಕಟ್ಟಿ? ಅತ್ಯಾ ಎಲ್ಲಿದಾರಂತ ಇಲ್ಲೇ ಕಾಣ್ಲಿಕತ್ತದ" ಎಂದು ಪರದೆಯ ಮೇಲಿನ ನೀಲಿ ಚುಕ್ಕೆ ತೋರಿಸಿದ. ಅಕ್ಕ ಎಲ್ಲಿದ್ದಾಳೆಂದು ತಾನೇ ಕಾಣಿಸುವಂತೆ ಅವನು ಅವಳ ಫೋನಿನಲ್ಲಿ ಏನೋ ಹೊಂದಿಸಿಕೊಟ್ಟಿದ್ದನಂತೆ. ಚುಕ್ಕೆ ನದಿಯ ಕಡೆಗಿರಲಿಲ್ಲ, ಊರಿನ ಈಚೆಯ ಮೈದಾನದಲ್ಲಿತ್ತು.

"ಆಕಿ ಕಟ್ಟಿಗೆ ಬರ್ತೀನಂದಾಳ" ಎಂದೆ.

"ಕಾಲು ನೋವು ಅದ ಅವರಿಗೆ. ಅಲ್ಲೀತನಾ ನಡೀಲಿಕ್ಕಾಗಿಲ್ಲ, ಇಲ್ಲೇ ಕುಂತಾರ. ಸುಮ್ನ ಬರ್ರಿ."

ಮೊಣಕಾಲಿನ ಮಾತು ಕೇಳಿ ನಾನು ಬಾಯಿ ಮುಚ್ಚಿದೆ. ಚುಕ್ಕೆಯ ಹಿಂದೆ ಹೊರಟೆವು. ಮಗ ಮುಂದೆ, ತಲೆ ಬಗ್ಗಿಸಿಕೊಂಡು. ಸೊಸೆ ದಾರಿಯುದ್ದಕ್ಕೂ ವಾರಕರಿಗಳ ವಿಡಿಯೋ ಮಾಡುತ್ತ. ಮೊಮ್ಮಗಳು ಒಬ್ಬ ಮುದುಕಿಯ ತಲೆಯ ಮೇಲಿನ ತುಳಸಿಯ ಕುಂಡವನ್ನು ಇಸಿದುಕೊಂಡು ತನ್ನ ತಲೆಯ ಮೇಲಿಟ್ಟು, ನಾಲ್ಕು ಹೆಜ್ಜೆ ನಡೆದು, ಫೋಟೋ ಆದ ಕೂಡಲೇ ತಿರುಗಿ ಕೊಟ್ಟಳು. ಮುದುಕಿ ನಕ್ಕು ನಮಸ್ಕಾರ ಮಾಡಿದಳು. ನನಗೆ ಮೈ ಮುದುಡಿದಂತಾಯಿತು.

ಚುಕ್ಕೆ ನಮ್ಮನ್ನು ಒಂದು ಪೆಂಡಾಲಿಗೆ ಮುಟ್ಟಿಸಿತು. ವಾರಕರಿಗಳ ಫೋನುಗಳನ್ನು ಪುಕ್ಕಟೆ ಚಾರ್ಜು ಮಾಡಿಕೊಡುವ ಪೆಂಡಾಲು. ಉದ್ದನೆಯ ಹಲಗೆಗಳ ಮೇಲೆ ಸಾಲುಸಾಲಾಗಿ ಫೋನುಗಳು ಮಲಗಿದ್ದವು, ಒಂದೊಂದಕ್ಕೂ ಒಂದೊಂದು ವೈರು. ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದ ರೋಗಿಗಳ ಹಾಗೆ. ಅವುಗಳ ನಡುವೆ ಕೆಂಪು ಕವರಿನ, ಅಕ್ಕ ಹಿಂಬದಿಗೆ ದೇವರ ಚಿತ್ರ ಅಂಟಿಸಿದ ಫೋನು ಇತ್ತು. ಅಕ್ಕ ಇರಲಿಲ್ಲ.

ನನ್ನ ಮಗ ಆ ಗಳಿಗೆಯಲ್ಲಿ ಏನೆಂದ ಗೊತ್ತೆ? "ನೋಡಿದ್ರಾ ಅಪ್ಪಾ? ಒಂದ ಗೇಣು ಆಕಡೆ ಈಕಡೆ ಇಲ್ಲ."

ಪೆಂಡಾಲು ನೋಡಿಕೊಳ್ಳುತ್ತಿದ್ದ ಗೃಹಸ್ಥ ಮರಾಠಿಯಲ್ಲಿ ಧೈರ್ಯ ಹೇಳಿದ. "ಆಜಿ ಯೇತೀಲ್ ನಾ! ಫೋನ್ ಸೋಡೂನ್ ಕುಠೇ ಜಾಣಾರ್?" ಅಜ್ಜಿ ಬರ್ತಾರೆ, ಫೋನು ಬಿಟ್ಟು ಎಲ್ಲಿಗೆ ಹೋಗ್ತಾರೆ ಅಂತ. ಎಲ್ಲರಿಗೂ ಅದು ಸರಿಯೆನಿಸಿತು. ಮನುಷ್ಯ ತನ್ನ ಫೋನಿನ ಹತ್ತಿರ ಬಂದೇ ಬರುತ್ತಾನೆ ಎನ್ನುವುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ನಾವು ಆ ಫೋನಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಹೆಂಡತಿ ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಬಿಸಿಲು ನೆತ್ತಿಗೇರಿದರೂ ಅಕ್ಕ ಬರಲಿಲ್ಲ.

"ಆಕಿ ಕಟ್ಟೀ ಮ್ಯಾಲೆ ಕುಂತಿರ್ತಾಳ" ಎಂದೆ.

"ನೀವು ಆಕಡೆ ಹೋಗೂದು, ಅವರು ಈಕಡೆ ಬರೂದು. ಆಮ್ಯಾಲೆ ನಿಮ್ಮನ್ನ ಯಾರು ಹುಡಕ್ಬೇಕು? ನಿಮ್ಮ ಫೋನ್ ಮನೀ ಮಾಡದಾಗ ಅದ" ಎಂದ ಮಗ.

ಸೊಸೆ ನಕ್ಕಳು. "ಮಾವಾರನ್ನೂ ಚಾರ್ಜಿಗೆ ಹಚ್ಚಿ ಕೂಡಸೂಣು, ಎಲ್ಲೂ ಹೋಗಂಗಿಲ್ಲ."

ಮೊಮ್ಮಗಳೂ ನಕ್ಕಳು. ಹೆಂಡತಿ ಮಾತ್ರ ಬಿಸಿಲನ್ನು ನೋಡಿದಳು. "ರೀ, ಏಕಾದಶಿ ಉಪಾಸ ಇದ್ದಾಕಿ. ನೀವು ಹೋಗ್ರಿ" ಎಂದಳು ಮೆಲ್ಲಗೆ, ಮತ್ತು ಚೀಲವನ್ನು ನನ್ನ ಕೈಗಿಟ್ಟಳು.

ಹೊರಟೆ. ಬೆಳಿಗ್ಗೆಯಾಗಿದ್ದರೆ ಸಲೀಸಾಗಿ ತಲುಪುತ್ತಿದ್ದ ದಾರಿ ಈಗ ಜನರಿಂದ ಕಟ್ಟಿಹೋಗಿತ್ತು. ದರ್ಶನದ ಸಾಲು, ನೀರಿನ ಟ್ಯಾಂಕರು, ಊಟ ಹಂಚುವವರ ಗದ್ದಲ. ಚೀಲವನ್ನು ಎದೆಗವಚಿಕೊಂಡು ಒಂದೊಂದೇ ಹೆಜ್ಜೆ ದೂಡಿಕೊಂಡು ನಡೆದೆ. ನೆತ್ತಿಯ ಮೇಲಿನ ಸೂರ್ಯ ಆಗಲೇ ಆಚೆ ವಾಲಿದ್ದ.

ಅಕ್ಕ ಕಟ್ಟೆಯ ಮೇಲಿದ್ದಳು. ಕೂತಿರಲಿಲ್ಲ, ಮಲಗಿದ್ದಳು. ತಲೆ ಅವಳ ಗುಂಪಿನ ಒಬ್ಬ ಹೆಂಗಸಿನ ತೊಡೆಯ ಮೇಲಿತ್ತು. ಆ ಹೆಂಗಸು ನನ್ನನ್ನು ಕಂಡು ಮೊದಲು ಬೈದಳು. "ಈಗ ಬಂದ್ರ್ಯಾ ಅಣ್ಣಾರ? ನಸಕಿಲೇ ಬಂದು ಕುಂತಾಳ ನಿಮ್ಮಕ್ಕ. ಬಿಸಲಿಗೆ ಚಕ್ರ ಬಂದು ಬಿದ್ಲು. ತಮ್ಮ ಬರ್ತಾನ, ತಮ್ಮ ಬರ್ತಾನ ಅನಕೋತ ಬಾಯಿ ಬಿಡವಲ್ಲಳು. ನಾನ ಒತ್ತಿ ಹಿಡದು ಎರಡು ತುತ್ತು ಖಿಚಡಿ ತಿನ್ಸೀನಿ."

ಪಕ್ಕದಲ್ಲಿ ಯಾರೋ ದಾನಿಗಳು ಹಂಚಿದ ಕಾಗದದ ದೊನ್ನೆ ಇತ್ತು, ಅರ್ಧ ತಿಂದದ್ದು.

ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದಳು. ನಾನು ತಡ ಮಾಡಿದ್ದಕ್ಕೆ ಸಿಟ್ಟಾಗಬೇಕಿತ್ತು. ಬದಲಿಗೆ ಅವಳೇ ತಪ್ಪು ಮಾಡಿದವಳಂತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ತಿಂದಬಿಟ್ಟೆ ತಮ್ಮಾ. ತಡಕೊಳ್ಳೂದಾಗಲಿಲ್ಲ."

ನಾನು ಚೀಲವನ್ನು ಬಿಚ್ಚಲಿಲ್ಲ. ಪಾರಣೆ ಆಗಿಹೋಗಿತ್ತು. ಅದನ್ನು ಮತ್ತೊಮ್ಮೆ ಮಾಡಲು ಬರುವುದಿಲ್ಲ.

ಸ್ವಲ್ಪ ಹೊತ್ತಿಗೆ ಉಳಿದವರೂ ಬಂದರು. ಮಗನ ಕೈಯಲ್ಲಿ ಕೆಂಪು ಕವರಿನ ಫೋನಿತ್ತು. "ಅತ್ಯಾ, ಫೋನ್ ಅಲ್ಲಿ ಬಿಟ್ಟು ಇಲ್ಯಾಕ ಬಂದು ಕುಂತ್ರಿ? ಜೋಡೀಲೆ ಇಟಗೋಬೇಕ ಬ್ಯಾಡಾ?"

"ಚಾರ್ಜ್ ಇಳೀಲಿಕ್ಕೆ ಬಿಡಬ್ಯಾಡ್ರಿ ಅಂತ ನೀನ ಹೇಳಿದ್ದೆಲ್ಲಪಾ. ರಾತ್ರಿ ಇಳೀತು. ಮುಂಜಾನೆ ಹಚ್ಚಲಿಕ್ಕೆ ಕೊಟ್ಟು, ನಾ ಕಟ್ಟಿಗೆ ಬಂದೆ. ಕಟ್ಟೀಗೆ ಬರ್ತೀನಂತ ನಿಮ್ಮಪ್ಪಗ ಹೇಳಿದ್ನಲ್ಲ?"

ಮಗ ತಲೆ ಚಚ್ಚಿಕೊಂಡ. ಸೊಸೆಗೆ ನಗು ತಡೆಯಲಾಗಲಿಲ್ಲ. ತಮಾಷೆಯ ಕಥೆ ಸಿಕ್ಕಿತು ಅವರಿಗೆ. ಬೆಳಗಿನಿಂದ ಉಪವಾಸ ಕೂತ ಮುದುಕಿ ಅವರ ಕಣ್ಣಿಗೆ ಬೀಳಲಿಲ್ಲ. ಫೋನಿನ ಉಪಯೋಗ ತಿಳಿಯದ ಮುದುಕಿಯಷ್ಟೇ ಕಣ್ಣಿಗೆ ಬಿದ್ದಳು.

ಹೋಗುವ ಮುಂಚೆ ಫೋಟೋ ಆಗಬೇಕಲ್ಲ. ಸೊಸೆ ಬುತ್ತಿಯನ್ನು ಬಿಚ್ಚಿ ಅಕ್ಕನ ತೊಡೆಯ ಮೇಲಿಟ್ಟಳು. ನನ್ನ ಕೈಗೆ ಒಂದು ತುಂಡು ರೊಟ್ಟಿ ಕೊಟ್ಟು, "ಮಾವಾ, ಅತ್ಯಾರ ಬಾಯಿ ಹತ್ರ ಹಿಡೀರಿ. ಹಾಂ, ಹಂಗ" ಎಂದಳು. ಅಕ್ಕನ ಮುಖ ನೋಡಿ ಹಿಡಿದೆ. ಅವಳು ಬಾಯಿ ತೆರೆದಳು, ನಕ್ಕಳು. ಫೋಟೋ ಆಯಿತು. ಅವಳಿಗೆ ರೊಟ್ಟಿ ಸೇರಲಿಲ್ಲ. ಬುತ್ತಿಯನ್ನು ಅವಳ ಜೊತೆಯವರಿಗೆ ಕೊಟ್ಟು ಬಂದೆವು.

ಮನೆ ಮುಟ್ಟುವ ಮೊದಲೇ ಆ ಫೋಟೋ ಊರೂರಿನ ಸಂಬಂಧಿಕರನ್ನು ಮುಟ್ಟಿತ್ತು. ಸೋಲಾಪುರದವರು, ಕಲಬುರಗಿಯವರು ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಅಕ್ಕತಮ್ಮ ಅಂದರೆ ಹೀಗಿರಬೇಕು ಅಂದರು. ಸಂಜೆ ತಿರುಗಾಟದಲ್ಲಿ ಸಿಕ್ಕ ಡಿಪೋದ ಹಳೆಯ ಗೆಳೆಯನೂ, "ಭಾಳ ಪುಣ್ಯವಂತ್ರಿ ನೀವು" ಎಂದ. ಹೌದ್ರಿ ಎಂದೆ. ದಾರಿಯಲ್ಲಿ ನಿಂತು ನಿಜ ಹೇಳುತ್ತ ಕೂರಲಾಗುವುದಿಲ್ಲ. ಮನೆಯಲ್ಲಿ ಮಗನಿಗೆ ಹೇಳಿನೋಡಿದೆ. ಅವನು ಕೇಳಿಸಿಕೊಂಡು, "ತಪ್ಪು ಫೋನಿಂದಲ್ಲ ಅಪ್ಪಾ, ಬಳಸೋರದು" ಎಂದ. ಆ ವಾಕ್ಯವನ್ನು ಅವನು ಎಲ್ಲಿ ಓದಿದನೋ. ಹೇಳಿ ಮತ್ತೆ ಪರದೆಗೆ ಕಣ್ಣು ಕೊಟ್ಟ. ಬಳಸುವವರು ಯಾರು, ಬಳಕೆಯಾಗುವವರು ಯಾರು ಎಂದು ಕೇಳಬೇಕೆನಿಸಿತು. ಹೂಂ ಎಂಬ ಉತ್ತರ ಬರುತ್ತದೆಂದು ಗೊತ್ತಿದ್ದರಿಂದ ಕೇಳಲಿಲ್ಲ.

ಅದು ನಿಜಕ್ಕೂ ಅವಳ ಕಡೆಯ ವಾರಿಯಾಯಿತು. ಮುಂದಿನ ಆಷಾಢದ ಹೊತ್ತಿಗೆ ಅಕ್ಕ ಕೋಲಿಲ್ಲದೆ ಅಂಗಳ ದಾಟಲಾರದಂತಾಗಿದ್ದಳು. ಪಾಲಖಿ ಸಾಸವಡದಲ್ಲಿ ತಂಗಿದ ದಿನ ಅವಳು ಅಳುತ್ತ ಕೂತಿರುತ್ತಾಳೆ, ಸಮಾಧಾನ ಹೇಳಬೇಕು ಎಂದುಕೊಂಡು ನನ್ನ ಹೊತ್ತಲ್ಲದ ಹೊತ್ತಿನಲ್ಲಿ ಮಾಡದಿಂದ ಫೋನು ತೆಗೆದು ಅವಳಿಗೆ ಹಚ್ಚಿದೆ. ತಡವಾಗಿ ಎತ್ತಿದಳು. ದನಿಯಲ್ಲಿ ಅಳುವಿನ ಸುಳಿವೂ ಇರಲಿಲ್ಲ.

"ತಮ್ಮಾ, ಫೋನಿನ್ಯಾಗ ಎಲ್ಲಾ ಲೈವ್ ತೋರಸ್ಲಿಕತ್ತಾರ. ಇಷ್ಟ ವರ್ಷ ನಡದೆ, ಒಮ್ಮೆನೂ ಪಾದುಕಾ ನೆಟ್ಟಗ ಕಂಡಿದ್ದಿಲ್ಲ. ಮುಂದಿನವರ ಬೆನ್ನ ಕಾಣ್ತಿತ್ತು. ಈಗ ನೋಡು, ಕೈಗೆ ಸಿಗೂ ಹಂಗ ಕಾಣಸ್ತಾವು."

"ಪಾರಣಿ ಆತೇನಕ್ಕಾ?" ಎಂದೆ.

"ಆಗ್ತದ ತಗೋ. ಸೊಸಿ ಏನೋ ಮಾಡಿಟ್ಟಾಳ." ಆಮೇಲೆ ಸಂಕೋಚದಿಂದ ಕೇಳಿದಳು. "ಈಗ ಇಡ್ಲಾ? ನಿನ್ನ ಫೋನ್ ಬಂದ್ರ ಆ ಲೈವ್ ನಿಂತಬಿಡ್ತದ."

ನಾನೇ ಇಟ್ಟೆ.